ಕಾಳಮ್ಮತ್ತೆಯ ಹೆಪ್ಪು

ಹಾಲು ಕರೆದ ಕೂಡಲೇ ಕಾಳಮ್ಮತ್ತೆ ಒಂದು ಹನಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟು, ಬೆರಳನ್ನು ವಾರೆ ಮಾಡಿ ನೋಡುತ್ತಿದ್ದಳು. ಹನಿ ಜಾರದೆ ನಿಂತರೆ ಮುಖ ಅರಳುತ್ತಿತ್ತು. ತನ್ನದೇ ಹಸು, ಕರೆದವಳೂ ತಾನೇ, ನಡುವೆ ನೀರು ಬೆರೆಸುವವರು ಯಾರೂ ಇಲ್ಲ, ಆದರೂ ನೋಡಬೇಕು. "ಯಾರನ್ನ ಪರೀಕ್ಷೆ ಮಾಡ್ತಿದ್ದೀಯತ್ತೆ?" ಎಂದರೆ, "ನನ್ನೇ ಕಣ್ಲಾ, ಇನ್ಯಾರ್ನ?" ಎನ್ನುತ್ತಿದ್ದಳು.

ಅವಳು ನನ್ನ ಅಪ್ಪನ ತಂಗಿ. ಸಂತೆಬಾಚಹಳ್ಳಿಯ ಅಕ್ಕಸಾಲಿಗರ ಮನೆಗೆ ಸೊಸೆಯಾಗಿ ಹೋದವಳು. ಅವಳ ಗಂಡ, ನಮ್ಮ ಮಾವ, ತಾನು ಮಾಡಿದ ಒಡವೆಯನ್ನು ತನ್ನ ಒರೆಗಲ್ಲಿಗೆ ಉಜ್ಜಿ ತೋರಿಸುತ್ತಿರಲಿಲ್ಲ. "ಇನ್ನೊಬ್ಬ ಆಚಾರಿ ತಾವ ಒರೆ ಹಚ್ಚಿಸ್ಕೊಂಡ್ ಬನ್ನಿ, ಆಮೇಲೆ ತಕ್ಕೊಂಡೋಗಿ" ಎಂದು ಗಿರಾಕಿಯನ್ನು ಎಬ್ಬಿಸಿ ಕಳಿಸುತ್ತಿದ್ದ. ಶೋರೂಮುಗಳು ಬಂದು ಆ ಕಸುಬು ಮಲಗಿತು, ಮಾವನೂ ಹೋದ. ಅತ್ತೆ ಹಸು ಕಟ್ಟಿದಳು. ಸಂತೆಮಾಳದ ಹೋಟೆಲಿಗೆ ಹಾಲು ಅವಳದೇ.

ಅತ್ತೆಗೆ ಒಂದು ಗುಣವಿತ್ತು: ಯಾರಾದರೂ ಅನ್ಯಾಯ ಮಾಡಿದರೆ ಮರೆಯುತ್ತಿರಲಿಲ್ಲ. ಆ ಗುಣ ನನಗೂ ಬಂದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಮ್ಮೆ ಹಸುವಿಗೆ ಕೆಚ್ಚಲು ಬಾವು ಬಂತು. ಊರಿನಲ್ಲಿ ಒಬ್ಬ ಖಾಸಗಿ ಪಶುವೈದ್ಯರಿದ್ದರು. ಅವರ ಕೋಣೆಯ ನಡುವೆ ಒಂದು ಹೂವಿನ ಪರದೆ. ಪರದೆಯ ಈಚೆ ಕೂತು ಚೀಟಿ ಬರೆಯುತ್ತಿದ್ದರು, ಎದ್ದು ಆಚೆ ಹೋಗಿ ತಾವೇ ಔಷಧಿ ಮಾರುತ್ತಿದ್ದರು. ಮೊಲೆಗೆ ಏರಿಸುವ ಟ್ಯೂಬು ಕೊಟ್ಟರು. ಬಾವು ಇಳಿಯಿತು, ಹಸು ಚೇತರಿಸಿಕೊಂಡಿತು. ಅತ್ತೆ ಸಂತೋಷದಿಂದ ಅವರ ಮನೆಗೆ ಒಂದು ಚೊಂಬು ಗಿಣ್ಣದಷ್ಟು ಗಟ್ಟಿ ಹಾಲು ಕೊಟ್ಟು ಬಂದಳು.

ಅದೇ ವಾರದ ಸಂತೆಯ ದಿನ ಹೋಟೆಲಿನಲ್ಲಿ ಮೊಸರೇ ಆಗಿರಲಿಲ್ಲ. ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಕೂತಿತ್ತು. ಅತ್ತೆ ಕ್ಯಾನು ಹಿಡಿದು ಒಳಗೆ ಕಾಲಿಟ್ಟದ್ದೇ ತಡ, ಹೋಟೆಲಿನವನು ಎಲ್ಲರೆದುರು ಕೂಗಾಡಿದ: "ಚಿನ್ನಕ್ಕೆ ಬೆರ್ಸೋದು ಸಾಲ್ದು ಅಂತ ಹಾಲ್ಗೂ ಬೆರ್ಸಕ್ಕೆ ಸುರು ಮಾಡ್ಬುಟ್ರಾ, ಅಕ್ಕಸಾಲಿಗ್ರು? ಏನ್ ಪುಡಿ ಆಕಿದ್ದೀಯಮ್ಮ?"

ಮಾವ ಬದುಕಿಡೀ ಬೇರೆಯವರ ಕಲ್ಲಿಗೆ ಒರೆ ಹಚ್ಚಿಸಿ ಗಳಿಸಿದ್ದ ಹೆಸರು ಒಂದು ಮಾತಿಗೆ ಮಣ್ಣಾಯಿತು. ಪಕ್ಕದ ಮೇಜಿನಲ್ಲೇ ಡಾಕ್ಟರು ಕಾಫಿ ಕುಡಿಯುತ್ತ ಕೂತಿದ್ದರು. ಎಲ್ಲ ಕೇಳಿಸಿಕೊಂಡರು. ಲೋಟ ತಿರುಗಿಸಿ ಕೊನೆಯ ಗುಟುಕು ಕುಡಿದು ಎದ್ದು ಹೋದರು. ಇಲ್ಲಿಂದ ಮುಂದೆ ಆ ಮನುಷ್ಯನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ.

ನಾನಾಗ ನಾಗಮಂಗಲದಲ್ಲಿ ಮೇಷ್ಟ್ರು. ಹೊಣಕೆರೆ ಕಡೆಯ ಪಶುವೈದ್ಯೆಯೊಬ್ಬರ ಬಳಿ ಈ ಮಾತೆತ್ತಿದೆ. ಆಕೆ ಚೀಟಿ ಬರೆಯುವವರು ಮಾತ್ರ, ಔಷಧಿ ಮಾರುವವರಲ್ಲ. "ಆ ಟ್ಯೂಬು ಏರಿಸಿದ ಮೇಲೆ ಕೆಲವು ದಿನದ ಹಾಲು ಚೆಲ್ಲಬೇಕು ಮೇಷ್ಟ್ರೇ. ಔಷಧಿ ಹಾಲಿಗೆ ಇಳಿದಿರುತ್ತೆ, ಹೆಪ್ಪು ಹಿಡಿಯಲ್ಲ. ಅವರು ಹೇಳಲಿಲ್ವಾ?" ಎಂದರು.

ನಾನು ಇದನ್ನು ತಿಳಿಸಿದ ಮೇಲೆ ಅತ್ತೆ ಮುಂದಿನ ಸಂತೆಗೆ ನೇರ ಡಾಕ್ಟರನ ಪರದೆ ಸರಿಸಿ ಒಳಗೆ ಹೋದಳು. ಹಿಂದೆ ನಾನೂ ಇದ್ದೆ. ಅವನು ದನಿ ತಗ್ಗಿಸಿ, "ಹಾಲು ಚೆಲ್ಲು ಅಂದ್ರೆ ಯಾರಮ್ಮ ಟ್ಯೂಬ್ ತಗೋತಾರೆ?" ಎಂದ. ಆಮೇಲೆ ದನಿ ಏರಿಸಿ, "ನಾನು ಬರೀ ಚೀಟಿ ಕೊಟ್ಟಿದ್ರೆ ನೀವು ಕೆ.ಆರ್. ಪೇಟೆಗೆ ಓಡ್ಬೇಕಿತ್ತು. ಅಷ್ಟೊತ್ತಿಗೆ ಹಸು ಉಳೀತಿತ್ತಾ?" ಎಂದ.

"ಹಸ ಉಳಿಸ್ದೆ, ಇಲ್ಲ ಅನ್ನಕಿಲ್ಲ. ನನ್ನೆಸ್ರು ಕಳ್ದೆಯಲ್ಲ, ಅದ್ಕೇನ್ ಮಾಡ್ತೀಯಾ? ಓಟ್ಲು ತಾವ ಬಂದು, ಹಾಲಲ್ಲಿ ತಪ್ಪಿರ್ನಿಲ್ಲ, ನಾನು ಮಾರಿದ್ ಔಸ್ದಿಯಿಂದ ಆಯ್ತು ಅಂತ ಒಂದು ಮಾತು ಯೋಳ್ಬುಡು, ಸಾಕು."

ಅವನು ಗಿರಾಕಿಗಳ ಕಡೆ ನೋಡಿ ಟ್ಯೂಬುಗಳನ್ನು ಎಣಿಸತೊಡಗಿದ. ಅತ್ತೆ ಹೊಸ್ತಿಲು ದಾಟುವಾಗ ತಿರುಗಿ ನಿಂತಳು. "ನೀನು ಡಾಕ್ಟ್ರಲ್ಲ ಬುಡು. ಅಂಗ್ಡಿಯವ್ನು."

ಅಂದಿನಿಂದ ಪ್ರತಿ ಸಂತೆಗೂ ಅವಳು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದಳು. ಜನ ಹೆಚ್ಚಿದ್ದಾಗಲೇ, ಬಹಳ ಮರ್ಯಾದೆಯಿಂದ: "ಏನ್ ಅಂಗ್ಡಿಯವ್ರೆ, ಯಾಪಾರ ಎಂಗದೆ?" ಕೆಲವೇ ದಿನಗಳಲ್ಲಿ ಇಡೀ ಹೋಬಳಿ ಅವನನ್ನು ಹಾಗೆಯೇ ಕರೆಯತೊಡಗಿತು. ಅವನು ಕಲಿತ ಪದವಿಯ ಅಕ್ಷರಗಳು ಬೋರ್ಡಿನಲ್ಲಿ ಉಳಿದವು, ಜನರ ಬಾಯಲ್ಲಿ ಉಳಿಯಲಿಲ್ಲ. ಹೆಸರು ಹೋದರೆ ಹೇಗಿರುತ್ತದೆಂದು ಅವನಿಗೂ ಗೊತ್ತಾಯಿತಲ್ಲ ಎಂದು ನಾನು ಹೊಟ್ಟೆ ತುಂಬ ಸಂತೋಷಪಟ್ಟೆ. ಈಗಲೂ ಪಡುತ್ತೇನೆ.

ಆದರೆ ಹೋಟೆಲಿನವನು ಮತ್ತೆ ಅವಳ ಹಾಲು ಕೊಳ್ಳಲಿಲ್ಲ. ಅತ್ತೆ ದಿನವೂ ಒಂದು ಬಟ್ಟಲು ಮೊಸರನ್ನು ಜಗಲಿಯ ಮೇಲೆ ಇಟ್ಟು ಕೂರುತ್ತಿದ್ದಳು. ಹೋಗಿ ಬರುವವರನ್ನು ಕರೆದು, "ಬೆರ್ಳು ಆಕಿ ನೋಡ್ಲಾ, ನಮ್ಮಾಲು ಎಂಗ್ ಹೆಪ್ಪು ಹಿಡ್ದದೆ" ಎನ್ನುತ್ತಿದ್ದಳು.

ಕಳೆದ ಮಾಗಿಯಲ್ಲಿ ಅತ್ತೆ ತೀರಿಕೊಂಡಳು. ಹಾಲುತುಪ್ಪದ ದಿನ, ಮಣ್ಣು ಮಾಡಿದ ಜಾಗದಲ್ಲಿ ಬಂದವರೆಲ್ಲ ಹಾಲು ಬಿಡುತ್ತಿದ್ದಾಗ, ಅಂಗಡಿಯವನೂ ಒಂದು ಚೊಂಬು ಹಿಡಿದು ಬಂದ. ನನ್ನ ಕಿವಿಯ ಹತ್ತಿರ ಬಗ್ಗಿ, "ನಿಮ್ಮತ್ತೆ ಹಾಲಲ್ಲಿ ತಪ್ಪಿರಲಿಲ್ಲ ಮೇಷ್ಟ್ರೇ" ಎಂದ.

"ಜೋರಾಗಿ ಹೇಳಿ, ಎಲ್ಲರಿಗೂ ಕೇಳಿಸಲಿ" ಎಂದೆ.

ಅವನು ಸುತ್ತ ನೋಡಿದ. ನಿಂತವರೆಲ್ಲ ದನ ಕಟ್ಟಿದವರು, ಅವನ ಗಿರಾಕಿಗಳು. ಚೊಂಬನ್ನು ನನ್ನ ಕಾಲ ಬಳಿ ಇಟ್ಟು ಹೊರಟುಹೋದ.

ಆ ಹಾಲನ್ನು ಅತ್ತೆಯ ಮೇಲೆ ಬಿಡಲು ನಾನು ಒಪ್ಪಲಿಲ್ಲ. ಮನೆಗೆ ತಂದು ಕಾಯಿಸಿ, ಅವಳ ಬಟ್ಟಲಿನಲ್ಲಿ ಉಳಿದಿದ್ದ ಹೆಪ್ಪನ್ನೇ ಹಾಕಿ ಆ ಚೊಂಬಿಗೇ ತುಂಬಿಟ್ಟೆ. ಬೆಳಗ್ಗೆ ತಟ್ಟೆ ಎತ್ತಿದರೆ ಗಟ್ಟಿ ಮೊಸರು. ಟ್ಯೂಬು ಏರಿಸದ ಯಾವ ಹಸುವಿನ ಹಾಲು ತರಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸಂತೆಯ ದಿನ ಅದನ್ನು ಹಾಗೇ ಹೊತ್ತುಕೊಂಡು ಹೋಗಿ, ಜನ ತುಂಬಿದ್ದ ಹೊತ್ತಿನಲ್ಲಿ ಅವನ ಮುಂದೆ ಇಟ್ಟೆ.

"ಅಂಗ್ಡಿಯವ್ರೆ, ನೀವು ತಂದ ಹಾಲು ಹೆಪ್ಪು ಹಿಡ್ದದೆ. ಸತ್ತೋಳಿಗೆ ಆರಿಸ್ಕೊಂಡ್ ತಂದ್ರಲ್ಲ, ಬದುಕಿದ್ದಾಗ್ಲೇ ಹಾಲು ಚೆಲ್ಲು ಅಂತ ಯೋಳಿದ್ರೆ ಏನಾಗ್ತಿತ್ತು?"

ನಿಂತವರೆಲ್ಲ ಬಗ್ಗಿ ಚೊಂಬಿನೊಳಗೆ ನೋಡಿದರು. ಅದನ್ನು ಅಲ್ಲೇ ಬಿಟ್ಟು ಬಂದೆ.