ರಿಪೇರಿ ಡಾಕ್ಟರಮ್ಮ

ಊರಿನವರ ಬಾಯಲ್ಲಿ ಈ ಹಲ್ಲಿನ ಡಾಕ್ಟರು ‘ರಿಪೇರಿ ಡಾಕ್ಟರಮ್ಮ’. ಬೇರೆಲ್ಲೋ ದವಡೆಗೆ ಸ್ಕ್ರೂ ಹಾಕಿಸಿ ಕೂರಿಸಿಕೊಂಡ ಹಲ್ಲು ಅಲ್ಲಾಡತೊಡಗಿದವರು, ಅದರ ಸುತ್ತ ಒಸಡು ಕೀವುಗಟ್ಟಿದವರು, ಎಲ್ಲರೂ ಕೊನೆಗೆ ಬಂದು ಬೀಳುವುದು ಇವರ ಕುರ್ಚಿಗೇ. ಹಲ್ಲು ಹಾಕಿದವರು ಯಾರೆಂದು ಇವರು ಕೇಳುವುದಿಲ್ಲ. ರೋಗಿಯೇ ಆ ಹಳೆಯ ಡಾಕ್ಟರನ್ನು ಶಪಿಸಲು ಬಾಯಿ ತೆರೆದರೆ, “ಹಾಂ, ಬಾಯಿ ಹಾಗೇ ತೆಗೆದುಕೊಂಡೇ ಇರಿ” ಎಂದು ಕನ್ನಡಿ ತೂರಿಸಿಬಿಡುತ್ತಾರೆ. ಬಿಗಿಯಾಗಿ ಕೂತ ಸ್ಕ್ರೂವನ್ನು ಹಟಮಾರಿ ಮಗುವಿನಂತೆ ರಮಿಸುತ್ತಾರೆ: “ಬಾರೋ ರಾಜ, ಸಾಕು ಬಾ.” ಹೊಸ ಹಲ್ಲು ಕೂತ ಮೇಲೆ, “ಮನೇಲಿ ಯಾರ ಮೇಲೆ ಸಿಟ್ಟು? ಚೆನ್ನಾಗಿ ಬೈದು ನೋಡಿ, ಮಾತು ಸರಿಯಾಗಿ ಬರುತ್ತಾ” ಎನ್ನುತ್ತಾರೆ, ಹೊರಗೆ ಕೂತ ಗಂಡಂದಿರು ಪೇಪರಿನ ಹಿಂದೆ ಮರೆಯಾಗುತ್ತಾರೆ. ಮೊನ್ನೆ ಬಂದ ಟೀಚರಮ್ಮನಿಗೆ ಮಾತ್ರ ಯಾವ ತಮಾಷೆಯೂ ನಾಟಲಿಲ್ಲ. ದವಡೆಯ ಮೂಳೆ ಕರಗಿ, ಕೂರಿಸಿದ ಹಲ್ಲುಗಳನ್ನೆಲ್ಲ ಕೀಳಬೇಕಾಗಿತ್ತು. ಇನ್ನು ಬಿಚ್ಚಿ ಹಾಕಿಕೊಳ್ಳುವ ಹಲ್ಲಿನ ಸೆಟ್ಟೇ ಗತಿ ಎಂದಾಗ ಆಕೆ ಅತ್ತೇಬಿಟ್ಟರು. “ಹಲ್ಲನ್ನ ಲೋಟದಲ್ಲಿಟ್ಟು ಮಲಗೋ ಸಂಕಟ ನಿಮಗೇನು ಗೊತ್ತು ಡಾಕ್ಟ್ರೇ? ಸೊಸೆಗೆ ಹೇಗೆ ಮುಖ ತೋರಿಸಲಿ?” ಡಾಕ್ಟರಮ್ಮ ಎದ್ದು ಬಾಗಿಲು ಹಾಕಿ ಬಂದರು. ಮಾಸ್ಕ್ ಇಳಿಸಿ, ತಮ್ಮ ಮುಂದಿನ ಹಲ್ಲುಗಳ ಸೆಟ್ಟನ್ನು ಕಳಚಿ ಅಂಗೈ ಮೇಲಿಟ್ಟುಕೊಂಡರು. “ನಂಗೂ ಸ್ಕ್ರೂ ನಿಲ್ಲಲಿಲ್ಲಮ್ಮ,” ಎಂದರು, ಗಾಳಿ ಸೋರುವ ದನಿಯಲ್ಲಿ. “ಮೊದಮೊದಲು ನಾನೂ ಅತ್ತಿದ್ದೆ. ಆಮೇಲೆ ಹಸಿವಾಯ್ತು.”