ಎಲೆಅಡಿಕೆಯ ಮರೆಯ ಹಲ್ಲು

ಬೆಳಿಗ್ಗೆ ಹತ್ತೂಕಾಲಿಗೆ ಅತ್ತೆ ಸೀಸೆಯ ಬಿರಡೆ ತೆಗೆದಳು. ಆಗತಾನೇ ನನ್ನ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದೆ, ಅದಕ್ಕೇ ಹೊತ್ತು ನೆನಪಿದೆ. ಅಡುಗೆಮನೆಯಿಂದ ಬಂದದ್ದು ನಮ್ಮ ಕಾಲೇಜಿನ ಪ್ರಯೋಗಶಾಲೆಯ ಆಸಿಡ್ಡಿನ ವಾಸನೆ. ಐ.ಡಿ. ಹಳ್ಳಿಯ ಒಕ್ಕಲು ಮನೆಯಲ್ಲಿ, ರಾಗಿಹಿಟ್ಟಿನ ಮಡಕೆಗಳ ನಡುವೆ, ಬರಬಾರದ ವಾಸನೆ.

ಒಳಗೆ ಓಡಿದೆ. ತಂಗಿ ಒಲೆಯ ಪಕ್ಕ ಮಣೆಯ ಮೇಲೆ ಕೂತು ತಲೆಯನ್ನು ಗೋಡೆಗೆ ಒರಗಿಸಿದ್ದಳು. ಅತ್ತೆ, ಅಂದರೆ ಅಪ್ಪನ ಅಕ್ಕ, ಹಿಂದಿನ ದಿನವಷ್ಟೇ ಸಿರಾದಿಂದ ಬಂದಿದ್ದವಳು. ಒಂದು ಕೈಯಲ್ಲಿ ತಂಗಿಯ ಮೇಲ್ದುಟಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಅರಳೆ ಸುತ್ತಿದ ಕಡ್ಡಿಯಿಂದ ಅವಳ ಮುಂದಿನ ಹಲ್ಲು ತಿಕ್ಕುತ್ತಿದ್ದಳು. ಹಲ್ಲಿನ ಮೇಲೆ ಸಣ್ಣಗೆ ನೊರೆ ಏಳುತ್ತಿತ್ತು.

"ಅತ್ತೆ, ಏನದು?"

"ಅಕ್ಕಸಾಲಿ ಒಡವೆ ತೊಳ್ಯೋ ದ್ರಾವಕ ಕಣ್ಲಾ. ಕಪ್ಪಿಟ್ಟ ಚಿನ್ನಾನೇ ಥಳಥಳ ಅಂತದೆ, ಹಲ್ಲೇನು ಮಹಾ? ನೋಡಿಲ್ಲಿ, ಒಂದಾಗ್ಲೇ ಬೆಳ್ಳಗಾಗ್ಬುಟ್ಟೈತೆ."

ನಿಜಕ್ಕೂ ಆಗಿತ್ತು. ಸುಣ್ಣದ ಕಲ್ಲಿನಂಥ ಬಿಳುಪು. ತಂಗಿಯ ತುಟಿಯ ಅಂಚು ಅರಿಶಿನ ಮೆತ್ತಿದಂತೆ ಹಳದಿಯಾಗಿ, ನಾಲಗೆಯ ತುದಿ ಬೆಂದು ಬೆಳ್ಳಗೆ ಸುರುಟಿತ್ತು. ಅವಳು ಚೀರುತ್ತಿರಲಿಲ್ಲ. ಚೀರಿದರೆ ಎಂಜಲು ಗಂಟಲಿಗಿಳಿಯುತ್ತದೆಂದು ಅವಳಿಗೇ ಹೇಗೋ ಹೊಳೆದಿತ್ತು. ಅತ್ತೆಯ ಕೈ ತಳ್ಳಿ, ತಂಗಿಯ ತಲೆ ಬಗ್ಗಿಸಿ, ಕೊಡದ ನೀರನ್ನೆಲ್ಲ ಚೆಂಬಿನಲ್ಲಿ ಮೊಗೆಮೊಗೆದು ಬಾಯಿ ತೊಳೆಸಿದೆ. ಒಂದು ಗುಟುಕು ಒಳಗೆ ಹೋಗಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಉಣ್ಣುವ ಹೊತ್ತಿನಲ್ಲಿ ನೆನಪಾಗಿ ತುತ್ತು ಕೆಳಗಿಡುತ್ತೇನೆ.

ನಮ್ಮ ಮನೆಯ ಹಲ್ಲೇ ಹಾಗೆ. ಮೊಳೆಯುವಾಗಲೇ ಒರಟು, ತೆಳುವು. ಮೇಲಿನ ಬಿಳಿಯ ಗಟ್ಟಿ ಹೊದಿಕೆ ಚಕ್ಕೆಚಕ್ಕೆಯಾಗಿ ಉದುರಿ, ಒಳಗಿನದು ಹುಣಿಸೆಬೀಜದ ಬಣ್ಣಕ್ಕೆ ತಿರುಗುತ್ತದೆ. ತಣ್ಣೀರು ತಾಕಿದರೆ ಜೀವ ಹೋಗುತ್ತದೆ. ಅಜ್ಜಿಗೆ ಇತ್ತು, ಅಪ್ಪನಿಗೆ, ಅತ್ತೆಗೆ, ನನಗೆ, ತಂಗಿಗೆ ಇದೆ. ತಮ್ಮನದು ಮಾತ್ರ ಅಮ್ಮನ ಹಾಗೆ ಬಿಳಿ. ಇದು ಊರಿಗೆ ಗೊತ್ತಾಗದಿದ್ದುದಕ್ಕೆ ಎಲೆಅಡಿಕೆ ಕಾರಣ. ಅಪ್ಪನೂ ಅತ್ತೆಯೂ ಎದ್ದಾಗಿನಿಂದ ಮಲಗುವವರೆಗೆ ಅಗಿಯುತ್ತಿದ್ದರು. ಕೆಂಪು ಬಾಯಲ್ಲಿ ಹಲ್ಲಿನ ಬಣ್ಣ ಯಾರು ಕಂಡರು? ಆದರೆ ಮದುವೆಯಾಗದ ಹುಡುಗಿ ಎಲೆ ಹಾಕುವಂತಿಲ್ಲ. ಬಾಯಿ ಮರೆಮಾಡುವ ಹಕ್ಕು ತಾಳಿಯ ಜೊತೆಗೇ ಬರಬೇಕು.

ಅಂದು ಮಧ್ಯಾಹ್ನ ಪಾವಗಡದ ಕಡೆಯಿಂದ ಹೆಣ್ಣು ನೋಡಲು ಬರುವವರಿದ್ದರು. ಹಲ್ಲಿನ ಮಾತೆತ್ತಿದರೆ ಉಪ್ಪುನೀರಿನ ಬಾವಿಯ ಮೇಲೆ ಹಾಕುವುದೆಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಆ ಸೀಮೆಯಲ್ಲಿ ನೀರಿಗೆ ಹಲ್ಲು ಕೆಡುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ನೀರಿನ ಕಲೆಯೆಂದು ಹೇಳಿ ಹೇಳಿ ನಮ್ಮವರೇ ಅದನ್ನು ನಂಬಿಬಿಟ್ಟಿದ್ದರು. ಕಲೆಯಾದರೆ ತೊಳೆಯಬಹುದಲ್ಲ! ಅತ್ತೆ ಸಿರಾದ ಅಕ್ಕಸಾಲಿಯ ಹತ್ತಿರ, ಕಾಸಿನ ಸರ ತೊಳೆಯುವುದಕ್ಕೆಂದು ಹೇಳಿ ಆ ಸೀಸೆ ತಂದಿದ್ದಳು.

ಅವರಿಗೆ ಬರಬೇಡಿರೆಂದು ಹೇಳಿಕಳಿಸೋಣ ಎಂದೆ. ಯಾರೂ ಕೇಳಲಿಲ್ಲ. ಬೆಂದ ತುಟಿಗೆ ಬೆಣ್ಣೆ ಸವರಿ, ತಂಗಿಗೆ ಸೀರೆ ಉಡಿಸಿ ಚಾಪೆಯ ಮೇಲೆ ಕೂರಿಸಿದರು. ಗಂಡಿನ ಸೋದರಮಾವ ದನದ ದಲ್ಲಾಳಿ. ಅವನು ಹುಡುಗಿಯ ಹೆಸರನ್ನೂ ಕೇಳಲಿಲ್ಲ. ಎದ್ದು ಬಂದು ಎಡಗೈಯಲ್ಲಿ ಗಲ್ಲ ಹಿಡಿದು, ಬಲಗೈ ಹೆಬ್ಬೆರಳಿನಿಂದ ಅವಳ ತುಟಿ ಮೇಲಕ್ಕೆತ್ತಿದ. ಹೊಗೆಸೊಪ್ಪು ತಿಕ್ಕಿ ತಿಕ್ಕಿ ಕಂದಿದ ಹೆಬ್ಬೆರಳು, ಉಗುರಿನ ಸಂದಿಯಲ್ಲಿ ಕೊಳೆ. ಹೋರಿಯ ವಯಸ್ಸು ನೋಡುವವನಂತೆ ಆಚೆ ಈಚೆ ತಿರುಗಿಸಿದ. ತಂಗಿಯ ಕಣ್ಣಿಂದ ನೀರು ಅವನ ಮುಂಗೈ ಮೇಲೆ ಇಳಿಯಿತು. ಅವನು ಅದನ್ನು ಪಂಚೆಗೆ ಒರೆಸಿಕೊಂಡ.

"ಇವಿ ನೀಳ್ಳ ಪಳ್ಳು ಕಾವಮ್ಮ," ಎಂದು ತೆಲುಗಿನಲ್ಲಿ ಅತ್ತೆಗೆ ಹೇಳಿ, ನಮಗೂ ತಿಳಿಯಲೆಂದು ಕನ್ನಡಕ್ಕೆ ತಿರುಗಿದ. "ನೀರಿನ್ ಹಲ್ಲಲ್ಲ ಇವು. ನಮ್ಕಡೆ ನೀರಿನ್ ಹಲ್ಲು ಮಚ್ಚೆಮಚ್ಚೆ ಇದ್ರೂ ಕಬ್ಬು ಸಿಗೀತವೆ. ಇದು ತಳಿ ದೋಷ."

"ನಮ್ಮ ಮನೆಯವರ ಹಲ್ಲೇ ಹಿಂಗೆ. ನಂದೂ ನೋಡಿ," ಎಂದು ನಾನು ಬಾಯಿ ತೆರೆದೆ.

ಅವನು ನಕ್ಕ. "ನಿಂದ್ಯಾಕಪ್ಪ ನಂಗೆ? ಗಂಡಸಿನ್ ಹಲ್ಲು ಯಾರ್ ನೋಡ್ತಾರೆ? ಬುಡು, ಓದ್ದೋನು ನೀನು, ನಿಂಗೆಲ್ಲಾದ್ರೂ ಹೆಣ್ಣು ಸಿಕ್ತದೆ." ಜೊತೆಗೆ ಬಂದವರೂ ನಕ್ಕರು. ನಮ್ಮ ಮನೆಯ ಬೆಲ್ಲದ ಪಾನಕವನ್ನು ಮಾತ್ರ ಒಬ್ಬರೂ ಬಿಡದೆ ಕುಡಿದು ಹೋದರು.

ಅವರು ಒಪ್ಪದೆ ಹೋದದ್ದರಿಂದ ನನಗೆ ಸಮಾಧಾನವೇ ಆಯಿತು. ಆದರೆ ಸೀಸೆ ಅತ್ತೆಯ ಗಂಟಿನಲ್ಲೇ ಉಳಿಯಿತು. ಕೇಳಿದರೆ ಕೊಡಲಿಲ್ಲ. ಅರ್ಧ ತಿಕ್ಕಿ ಬಿಟ್ಟದ್ದರಿಂದಲೇ ಸಂಬಂಧ ಕೆಟ್ಟಿತೆಂದು ನನ್ನ ಮೇಲೆ ಸಿಟ್ಟು ಬೇರೆ. ತಂಗಿ ಗಂಜಿಯನ್ನೂ ಕುಡಿಯಲಾರದೆ, ಅದರಲ್ಲಿ ಕಡ್ಡಿ ಅದ್ದಿಕೊಂಡು ನೆಕ್ಕುತ್ತಿದ್ದಳು. ಗಾಳಿ ತಾಕಿದರೂ ಹಲ್ಲು ಸಿಡಿಯುತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿ ನರಳುತ್ತಿದ್ದಳು. ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ನನಗೆ ಅವಳ ನೋವಿನ ಚಿಂತೆಯ ಜೊತೆ ಹೆದರಿಕೆಯೂ ಇತ್ತು: ನಾನು ಕಣ್ಣು ಮುಚ್ಚಿದ ಹೊತ್ತು ನೋಡಿ ಅತ್ತೆ ಕೆಳಸಾಲು ತಿಕ್ಕಿಬಿಟ್ಟರೆ?

"ನಂಗೇ ಯಾಕಣ್ಣ?" ಎಂದು ತಂಗಿ ಒಂದು ದಿನ ತೊದಲಿದಳು.

ಕಾಲೇಜಿನಲ್ಲಿ ಬಟಾಣಿ ಗಿಡ ಇಟ್ಟುಕೊಂಡು ಹೇಳಿಕೊಟ್ಟ ಪಾಠವನ್ನು ಅವಳಿಗೆ ಚೌಕಾಬಾರದ ಬೀಜದಲ್ಲಿ ಹೇಳಿದೆ. ಒಂದು ಮಗ್ಗುಲು ತೇದು ಬಿಳಿ ಮಾಡಿದ ಹುಣಿಸೆಬೀಜ ತೆಗೆದುಕೊಂಡೆ. "ಅಪ್ಪನ ಒಳಗೆ ಇಂಥದು ಒಂದು ಐತೆ ಅಂದ್ಕೊ. ಒಂದು ಕಡೆ ಅಜ್ಜಿ ಕೊಟ್ಟ ಕರಿ, ಇನ್ನೊಂದು ಕಡೆ ತಾತ ಕೊಟ್ಟ ಬಿಳಿ. ಮಗು ಹುಟ್ಟೋ ಮುಂಚೆ ಅದು ಬೀಳ್ತದೆ. ತಮ್ಮಂಗೆ ಬಿಳಿ ಬಿತ್ತು. ನಿಂಗೆ ನಂಗೆ ಕರಿ ಬಿತ್ತು. ಅಮ್ಮ ಕೊಟ್ಟಿದ್ದು ಬಿಳೀನೇ ಆದ್ರೂ ಕರಿ ಒಂದಿದ್ರೆ ಸಾಕು, ಹಲ್ಲು ಹಿಂಗೆ ಆಗ್ತವೆ."

"ಹಂಗಾರೆ ಉಜ್ಜಿದ್ರೆ ಹೋಗಾಕಿಲ್ವಾ?"

"ಕಲೆ ಆಗಿದ್ರೆ ತಾನೆ ಹೋಗೋದು? ಉಜ್ಜಿದ್ರೆ ಇರೋ ಹಲ್ಲೂ ಹೋಗ್ತದೆ."

ಅಪ್ಪ ಜಗಲಿಯ ಮೇಲೆ ಕೂತು ಅಗಿಯುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ಎಂದು ಆಗ ತಿಳಿಯಲಿಲ್ಲ.

ಮಾರನೆಯ ದಿನ ಬರಗೂರಿನಿಂದ ಇನ್ನೊಂದು ಸಂಬಂಧದ ಸುದ್ದಿ ಬಂತು. ಅತ್ತೆ ಗಂಟು ಬಿಚ್ಚಿದಳು. ತಂಗಿ ದನದ ಕೊಟ್ಟಿಗೆಗೆ ಓಡಿ ಎಮ್ಮೆಯ ಹಿಂದೆ ಅವಿತಳು. ನಾನು ಅಡ್ಡ ನಿಂತೆ.

"ಲೇ, ಬುಡ್ಲಾ. ನಾಳೆ ಇವ್ಳು ಮನೇಲೇ ಉಳ್ಕಂಡ್ರೆ ನೀನ್ ಸಾಕ್ತೀಯಾ?"

ಆಗ ಅಪ್ಪ ಎದ್ದು ಬಂದ. ಅಂಗಳದಲ್ಲಿ ಬಾಯಿ ತುಂಬ ಇದ್ದುದನ್ನು ಉಗಿದ. ನೀರು ಹಾಕಿಕೊಂಡು ಮುಕ್ಕಳಿಸಿದ. ಅಕ್ಕನ ಮುಂದೆ ನಿಂತು ಬಾಯಿ ತೆರೆದ. ನಾನೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ: ಒಸಡಿನ ಮಟ್ಟಕ್ಕೆ ಸವೆದ ಕಂದು ಮೋಟುಗಳು.

"ನೋಡಕ್ಕ. ನಂದೂ ಇದೇ, ನಿಂದೂ ಇದೇ. ಮೊದ್ಲು ನಿಂದು ಉಜ್ಕ. ಬೆಳ್ಳಗಾದ್ರೆ ಆಮೇಲೆ ನನ್ ಮಗ್ಳಿಗೆ ಉಜ್ಜು."

ಅತ್ತೆಯ ಕೈ ಬಾಯಿಗೆ ಹೋಯಿತು. ಅಪ್ಪ ಸೀಸೆ ಕಿತ್ತುಕೊಂಡು ಹಿತ್ತಲಿನ ತಿಪ್ಪೆಯ ಆಚೆ ಗುಂಡಿ ತೋಡಿಸಿ ಸುರಿದ. ಸುಣ್ಣ ಬೆರೆತ ಸುದ್ದೆಮಣ್ಣು ಬುಸ್ಸೆಂದು ಹೊಗೆಯಾಡಿತು. ಆ ದ್ರಾವಕವನ್ನು ಹುಡುಗಿಯ ಬಾಯಿಗೆ ಹಾಕಿದ್ದೆವು. ಅತ್ತೆ ಆ ಹೊಗೆಯನ್ನು ನೋಡುತ್ತ ನಿಂತಳು. ಮಧ್ಯಾಹ್ನದ ಬಸ್ಸಿಗೆ ಸಿರಾಕ್ಕೆ ಹೊರಟುಹೋದಳು.

ಮರುದಿನ ಗಾಡಿ ಕಟ್ಟಿ ತಂಗಿಯನ್ನು ಮಧುಗಿರಿಗೆ ಕರೆದೊಯ್ದೆವು. ದ್ರಾವಕ ತಿಂದ ಎರಡು ಮುಂದಿನ ಹಲ್ಲುಗಳ ನರವೇ ತೆರೆದಿದೆ, ಉಳಿಯುವುದಿಲ್ಲವೆಂದು ಹೇಳಿ ಡಾಕ್ಟರು ಅವನ್ನು ಕಿತ್ತರು. ಹತ್ತಿಯಲ್ಲಿ ಸುತ್ತಿ ಕೊಟ್ಟಾಗ ನೋಡಿದೆ. ಬೇರು ಗಟ್ಟಿಯಾಗಿತ್ತು. ಮೇಲ್ಭಾಗ ಮಾತ್ರ ನೆನೆದ ಬಳಪದಂತೆ ಮೆದುವಾಗಿತ್ತು. ಅಪ್ಪ ಆ ಹತ್ತಿಯನ್ನು ಎಲೆಅಡಿಕೆಯ ಚೀಲದಲ್ಲಿ ಹಾಕಿಕೊಂಡ. ದಾರಿಯುದ್ದಕ್ಕೂ ಚೀಲದ ಬಾಯಿ ಬಿಚ್ಚಲಿಲ್ಲ.

ಅದು ಸೋಮವಾರ. ಅಷ್ಟು ದಿನ ನಿದ್ದೆಗೆಟ್ಟು ಅಂದು ಮಲಗಿದವರು ನಾವು ಮಂಗಳವಾರ ಎದ್ದದ್ದು ಬಿಸಿಲು ಹೊಸ್ತಿಲು ದಾಟಿದ ಮೇಲೆ. ಹಾಲು ಕರೆಯುವವರಿಲ್ಲದೆ ಎಮ್ಮೆ ಕೊಟ್ಟಿಗೆಯಲ್ಲಿ ಕೂಗಿ ಕೂಗಿ ಸುಸ್ತಾಗಿತ್ತು. ತಂಗಿ ಬಾಯಿ ತೆರೆದುಕೊಂಡೇ ಮಲಗಿದ್ದಳು. ಸೆರಗು ಪಕ್ಕದಲ್ಲಿ ಬಿದ್ದಿತ್ತು.