ತಳ್ಳಿಕೊಂಡು ಬಂದ ಸ್ಕೂಟರು

ಅವರ ಒಂದು ಕೈಯ ಉಗುರುಗಳು ಮಾಂಸಕ್ಕೆ ತಾಕುವಷ್ಟು ಒತ್ತಿ ಕತ್ತರಿಸಿರುತ್ತಿದ್ದವು. ಇನ್ನೊಂದು ಕೈಯ ಉಗುರುಗಳು ಎಲ್ಲರ ಉಗುರಿನಂತೆ ಇದ್ದವು. ಕತ್ತರಿಸಿದ್ದು ಎಡಗೈಯದು ಎಂದು ನನ್ನ ನೆನಪು. ಆದರೆ ಅವರು ಯಾವಾಗಲೂ ನನ್ನ ಎದುರು ಕೂರುತ್ತಿದ್ದರು, ಎದುರು ಕೂತವರ ಎಡಬಲ ನನಗೆ ಚಿಕ್ಕಂದಿನಿಂದಲೂ ಅದಲುಬದಲಾಗುತ್ತದೆ. ಡೈರಿ ತೆಗೆದು ನೋಡಿದರೆ ಅಲ್ಲಿ 'ಒಂದು ಕೈ' ಎಂದಷ್ಟೇ ಬರೆದುಕೊಂಡಿದ್ದೇನೆ. ಇಂಥ ತಪ್ಪುಗಳು ಇಲ್ಲಿ ಇನ್ನೂ ಇರಬಹುದು. ಒಂದು ತಪ್ಪಂತೂ ಇದೆ, ಅದು ಯಾರದೆಂದು ತಿಳಿಯದೆಯೇ ಇದನ್ನು ಬರೆಯುತ್ತಿದ್ದೇನೆ.

ಅವರು ದನದ ಡಾಕ್ಟರು. ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಅರಕಲಗೂಡು, ಗೊರೂರು, ಚನ್ನರಾಯಪಟ್ಟಣ ಎಂದು ಸುತ್ತಿ ನಿವೃತ್ತರಾದ ಮೇಲೆ ಹೊಳೆನರಸೀಪುರಕ್ಕೆ ಬಂದು, ನಮ್ಮ ಮನೆಯಿಂದ ಮೂರು ಬೀದಿ ಆಚೆ ಇದ್ದರು. ಹಸು ಎಮ್ಮೆಗಳು ಗಬ್ಬವಾಗಿವೆಯೋ ಇಲ್ಲವೋ ಎಂದು ಒಳಗೆ ಕೈಹಾಕಿ ನೋಡುವ ಕೈಗೆ ಉಗುರು ಇರಬಾರದು. ಆ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಕತ್ತರಿಸುವುದನ್ನು ಬಿಟ್ಟಿರಲಿಲ್ಲ. "ಈಗಲೂ ಯಾಕೆ ಡಾಕ್ಟ್ರೇ?" ಎಂದು ಕೇಳಿದ್ದೆ. "ಯಾವ ಹಸ ಯಾವತ್ತು ಕರೀತದೋ ಯೇಳಕ್ಕಾಯ್ತದೇನವ್ವ," ಎಂದಿದ್ದರು.

ನಮ್ಮ ಮನೆಯಲ್ಲಿ ಹಸು ಇರಲಿಲ್ಲ. ಬೋಂಡ ಇತ್ತು.

ಬೋಂಡ ಲ್ಯಾಬ್ರಡಾರ್ ನಾಯಿ. ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ ಹಾಸನದಿಂದ ಬಸ್ಸಿನಲ್ಲಿ, ಹಣ್ಣಿನ ರಟ್ಟಿನ ಡಬ್ಬದಲ್ಲಿಟ್ಟು ತಂದಿದ್ದರು. ದುಂಡಗೆ, ಎಣ್ಣೆಯಲ್ಲಿ ಕರಿದ ಬಣ್ಣಕ್ಕಿತ್ತು, ಅದಕ್ಕೇ ಆ ಹೆಸರು. ಒಂದು ವರ್ಷದ ಹೊತ್ತಿಗೆ ಅದು ಓಡುವಾಗ ಹಿಂದಿನ ಎರಡೂ ಕಾಲನ್ನು ಜೋಡಿಸಿ ಮೊಲದ ಹಾಗೆ ಕುಪ್ಪಳಿಸುತ್ತಿತ್ತು. ನಾನೂ ಅಮ್ಮನೂ ನೋಡಿ ನಗುತ್ತಿದ್ದೆವು. ಫೋನಿನಲ್ಲಿ ವಿಡಿಯೋ ಮಾಡಿ ಕಾಲೇಜಿನ ಸಹೋದ್ಯೋಗಿಗಳಿಗೆಲ್ಲ ಕಳಿಸಿದ್ದೆ. ಆ ವಿಡಿಯೋ ಈಗಲೂ ಇದೆ. ಅದರಲ್ಲಿ ನಗುವ ದನಿ ನನ್ನದೇ.

ಮೂರನೆಯ ವರ್ಷ ಒಂದು ಬೆಳಿಗ್ಗೆ ಬೋಂಡ ಮಲಗಿದಲ್ಲಿಂದ ಏಳಲು ಮೂರು ಸಲ ಪ್ರಯತ್ನಿಸಿ ಮತ್ತೆ ಮಲಗಿತು. ಅಮ್ಮ ದನದ ಡಾಕ್ಟರನ್ನು ಕರೆದು ತಂದರು. ಅವರು ಮೊದಲಿಗೆ ನಾಯಿಯನ್ನು ಮುಟ್ಟಲೇ ಇಲ್ಲ. "ಒಂದ್ ಬಕೆಟ್ ನೀರ್ ತಗಂಬಾ," ಎಂದರು. ಹಿತ್ತಲಿನ ಮಣ್ಣಿನ ಮೇಲೆ ಅದನ್ನು ಚೆಲ್ಲಿ, ಬೋಂಡನನ್ನು ಮೆಲ್ಲಗೆ ಎಬ್ಬಿಸಿ ಅದರ ಮೇಲೆ ನಡೆಸಿದರು. ಆಮೇಲೆ ಕುಕ್ಕರುಗಾಲಲ್ಲಿ ಕೂತು, ನಾಯಿಯನ್ನು ಬಿಟ್ಟು ಹೆಜ್ಜೆಗಳನ್ನು ನೋಡಿದರು.

"ನೋಡಿಲ್ಲಿ. ಮುಂಗಾಲು ಎಷ್ಟು ಆಳಕ್ಕೆ ಊರೈತೆ. ಇಂಗಾಲು ಸುಮ್ಕೆ ತಾಕೈತೆ ಅಷ್ಟೆ. ಮೈಭಾರನೆಲ್ಲ ಮುಂದಕ್ಕೆ ದಬ್ಕಂಡು ನಡೀತೈತೆ ಪಾಪದ್ದು. ನಾನು ಕೊಂಬಿರೋವ್ಕೆ ಡಾಕ್ಟ್ರು ಕಣವ್ವ, ನಾಯಿ ಇಸ್ಯ ಪುಸ್ತಕದಾಗೆ ಓದಿದ್ದು. ಆಸನಕ್ಕೆ ಕರ್ಕಂಡೋಗಿ ಎಕ್ಸ್‌ರೇ ತೆಗ್ಸು."

ತೆಗೆಸಿದೆವು. ಸೊಂಟದ ಕೀಲು ಎರಡೂ ಕಡೆ ಕೆಟ್ಟಿದೆ, ಸವೆತ ಆಗಲೇ ಜಾಸ್ತಿ, ಆಪರೇಷನ್ ಮಾಡಿದರೂ ಭರವಸೆ ಕೊಡಲಾಗುವುದಿಲ್ಲ ಎಂದು ಅಲ್ಲಿ ಹೇಳಿದರು. ಇಂಗ್ಲಿಷಿನಲ್ಲಿ ರೋಗದ ಹೆಸರು ಬರೆದುಕೊಟ್ಟರು. ನನಗೆ ಅರ್ಥವಾದದ್ದು ಮಾತ್ರ ದನದ ಡಾಕ್ಟರು ಆ ಫಿಲ್ಮನ್ನು ನಮ್ಮ ಕಿಟಕಿಯ ಬೆಳಕಿಗೆ ಹಿಡಿದಾಗ.

"ಒಳಕಲ್ಲು ಗೊತ್ತಲ್ಲ? ಗುಂಡಿ ಆಳ ಇಲ್ಲ ಅನ್ಕೊ. ಗುಂಡ್ಕಲ್ಲು ನೆಟ್ಗೆ ಕುಂತ್ಕಳಲ್ಲ, ಅಳ್ಳಾಡ್ತದೆ. ಅಳ್ಳಾಡ್ತಾ ಅಳ್ಳಾಡ್ತಾ ಎರಡೂ ಸವೀತವೆ. ಉಟ್ಟುವಾಗ್ಲೇ ಅಂಗೆ."

"ವಾಸಿಯಾಗುತ್ತಾ ಡಾಕ್ಟ್ರೇ?"

"ಇಲ್ಲ," ಎಂದರು. ಆಮೇಲೆ ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. "ವಾಸಿ ಆಗದಲ್ಲ ಇದು. ಸಂಬಾಳ್ಸದು."

ಸಂಬಾಳಿಸುವುದೇ ಆಮೇಲೆ ನಮ್ಮ ಮನೆಯ ಕೆಲಸವಾಯಿತು. ಅಪ್ಪ ಕಡಪ ಕಲ್ಲು ಕೀಳಿಸಿ ಹಾಕಿಸಿದ್ದ ಬಿಳಿ ಟೈಲ್ಸ್ ನೆಲ ಬೋಂಡನಿಗೆ ಪಾಚಿಗಟ್ಟಿದ ಮೆಟ್ಟಿಲಿದ್ದಂತೆ ಎಂದು ಡಾಕ್ಟರು ಹೇಳಿದ ಮೇಲೆ, ಹಿತ್ತಲ ಬಾಗಿಲಿನಿಂದ ಬೀದಿ ಬಾಗಿಲಿನವರೆಗೆ ಗೋಣಿಚೀಲಗಳನ್ನು ಹಾಸಿದೆವು. ಬಂದವರು ಇದೇನು ರಾಗಿ ಮಂಡಿಯೇ ಎಂದು ಕೇಳುತ್ತಿದ್ದರು. ಎಲ್ಲಕ್ಕಿಂತ ಕಷ್ಟದ್ದು ತೂಕ ಇಳಿಸುವುದು. ಡಾಕ್ಟರು ಬಂದಾಗೆಲ್ಲ ಬೋಂಡನ ಪಕ್ಕೆಲುಬುಗಳ ಮೇಲೆ ಆ ಉಗುರಿಲ್ಲದ ಬೆರಳುಗಳನ್ನಾಡಿಸಿ ನೋಡುತ್ತಿದ್ದರು. ಒಂದು ದಿನ ಕೈ ಮೂಸಿಕೊಂಡು ಕೇಳಿದರು:

"ಅಕ್ಕಾ, ನಾಯಿ ಮೂತೀಲಿ ತುಪ್ಪದ ವಾಸ್ನೆ ಬತ್ತೈತೆ. ನಿಮ್ ಸೆರಗಲ್ಲೂ ಬತ್ತೈತೆ. ಏನಿದು ಸಂಬಂಧ?"

ಅಮ್ಮ ಸಿಕ್ಕಿಬಿದ್ದ ಹುಡುಗಿಯಂತೆ ನಿಂತರು. "ಒಂದ್ ಚೂರು ದೋಸೆ ಕಣ್ ಡಾಕ್ಟ್ರೇ. ಅವ್ರು ಇದ್ದಾಗ ದಿನಾ ಆಕೋರು."

"ಅವ್ರು ಆಕ್ತಿದ್ದಾಗ ಇದ್ಕೆ ನಾಕ್ ಕಾಲಿದ್ವು ಅಕ್ಕ. ಈಗ ಎರಡೂವರೆ."

ಅಮ್ಮ ಅಂದಿನಿಂದ ದೋಸೆ ಹಾಕಲಿಲ್ಲ. ತಾವೂ ತಿನ್ನುತ್ತಿರಲಿಲ್ಲ.

ಹೊಳೆಯಲ್ಲಿ ಈಜಿಸಿದರೆ ಕೀಲಿಗೆ ಭಾರ ಬೀಳದೆ ತೊಡೆಗೆ ಬಲ ಬರುತ್ತದೆಂದು ಹೇಳಿ, ಮೊದಲ ದಿನ ಅವರೇ ಬಂದರು. ಪ್ಯಾಂಟನ್ನು ಮಂಡಿಗೆ ಮಡಿಸಿ ಹೇಮಾವತಿಗೆ ಇಳಿದು, ಬೋಂಡನ ಹೊಟ್ಟೆಯ ಕೆಳಗೆ ಹಳೇ ಟವೆಲು ಹಾಕಿ ಎತ್ತಿ ಹಿಡಿದರು. "ಆಕ್ಲಾ ಕಾಲ! ಸೋಮಾರಿ ನನ್ಮಗನೆ, ಆಕ್ಲಾ!" ಬೋಂಡ ಕಾಲು ಹಾಕಿತು. ನೀರಿನಲ್ಲಿ ಅದಕ್ಕೆ ಯಾವ ಕುಂಟೂ ಇರಲಿಲ್ಲ. ದಡಕ್ಕೆ ಬಂದ ಕೂಡಲೇ ಮತ್ತೆ ಇತ್ತು. ಗೊರೂರು ಅಣೆಕಟ್ಟಿನಿಂದ ನೀರು ಬಿಟ್ಟ ದಿನಗಳಲ್ಲಿ ಸೆಳೆತಕ್ಕೆ ಹೆದರಿ ಹೋಗುತ್ತಿರಲಿಲ್ಲ, ಉಳಿದ ದಿನ ಹೋಗುತ್ತಿದ್ದೆವು. ಡಾಕ್ಟರ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೆ ಸಾಕು, ಬೋಂಡನ ಬಾಲ ಚೀಲದ ಮೇಲೆ ಬಡಿಯತೊಡಗುತ್ತಿತ್ತು. ಸೂಜಿ ಚುಚ್ಚುವವರನ್ನು ಕಂಡರೆ ನಾಯಿಗಳು ಓಡುತ್ತವೆ ಎನ್ನುತ್ತಾರೆ. ಇದು ಅವರ ಕಡೆಗೆ ಓಡುತ್ತಿತ್ತು.

ಹೊಳೆದಂಡೆಯಲ್ಲಿ ಕೂತಾಗಲೇ ಅವರು ಎಮ್ಮೆಯ ಕಥೆ ಹೇಳಿದ್ದು. ಅರಕಲಗೂಡು ಕಡೆ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಂದು ಮನೆಯಲ್ಲಿ ಹಾಲು ಕರೆಯುವ ಎಮ್ಮೆ ಕೊರಳಿಗೆ ಹಗ್ಗ ಸುತ್ತಿಕೊಂಡು ಸತ್ತಿತ್ತಂತೆ. ಗಂಡ ಎಲ್ಲರೆದುರು ಹೆಂಡತಿಯನ್ನು, "ಹಗ್ಗ ಕಟ್ಟಿದ್ಯಾರು?" ಎಂದು ಕೇಳಿದನಂತೆ.

"ಅಷ್ಟೇ ಕಣವ್ವ ಕೇಳಿದ್ದು. ಬಯ್ಲಿಲ್ಲ, ಒಡೀಲಿಲ್ಲ. ಮೂರ್ ವರ್ಸ ಆ ಕಡೆ ಇದ್ದೆ, ಗಂಡ ಎಂಡ್ತಿ ಮಾತಾಡಿದ್ದು ನಾ ಕಾಣೆ. ಎಮ್ಮೆ ಇನ್ನೊಂದ್ ತಂದ್ರು. ಮಾತು ತರಕ್ಕಾಗ್ಲಿಲ್ಲ. ದನ ಸತ್ತ ಮನೇಲಿ ಅಗ್ಗ ಕಟ್ದೋರ್ ಯಾರು ಅಂತ ಕೇಳ್ಬಾರ್ದು."

ಅವರು ಇದನ್ನು ನನಗೆ ಯಾಕೆ ಹೇಳಿದರೋ ತಿಳಿಯದು. ನಾನು ಎಲ್ಲವನ್ನೂ ಕೇಳುವವಳು ಎಂದು ಅಷ್ಟು ಹೊತ್ತಿಗೆ ಗೊತ್ತಾಗಿತ್ತೇನೋ.

ಆ ವರ್ಷ ಪಿತೃಪಕ್ಷದಲ್ಲಿ ಅಪ್ಪನಿಗೆ ಎಡೆ ಇಟ್ಟ ದಿನ ಊಟಕ್ಕೆ ಡಾಕ್ಟರನ್ನೂ ಕರೆದಿದ್ದೆವು. ಬೆಳಿಗ್ಗೆ ಮನೆ ತೊಳೆದೆವು. ಎಡೆ ಇಡುವ ಮನೆಯಲ್ಲಿ ನಾಯಿಯ ಕೂದಲು ಹತ್ತಿದ ಚೀಲ ಇರಬಾರದೆಂದು ಯಾರೋ ಒಬ್ಬರು ಅವನ್ನೆಲ್ಲ ಎತ್ತಿ ಹಿತ್ತಲ ಕಲ್ಲಿನ ಮೇಲೆ ಹಾಕಿದ್ದರು. ಯಾರೋ ಒಬ್ಬರು ಎಂದರೆ ಮನೆಯಲ್ಲಿ ಇದ್ದವರೇ ಇಬ್ಬರು, ನಾನು ಮತ್ತು ಅಮ್ಮ. ಒದ್ದೆ ಅಂಚಿನ ಚೀಲವೊಂದನ್ನು ಸುರುಳಿ ಸುತ್ತುವ ಎರಡು ಕೈಗಳು ನನಗೆ ನೆನಪಿವೆ. ಒಮ್ಮೊಮ್ಮೆ ಆ ಕೈಗಳಲ್ಲಿ ಅಮ್ಮನ ಬಳೆಗಳಿರುತ್ತವೆ, ಒಮ್ಮೊಮ್ಮೆ ನನ್ನ ಗಡಿಯಾರ. ಡೈರಿಯ ಆ ಪುಟದಲ್ಲಿ ಏನೇನು ಅಡುಗೆ ಎಂದು ಬರೆದಿದ್ದೇನೆ. ಚೀಲದ ಮಾತೇ ಇಲ್ಲ.

ಬೋಂಡ ಹಿತ್ತಲಲ್ಲಿತ್ತು, ಬಾಗಿಲು ತೆರೆದಿತ್ತು. ಮಧ್ಯಾಹ್ನ ತಿರುವಿನಲ್ಲಿ ಸ್ಕೂಟರಿನ ಸದ್ದು ಕೇಳಿತು. ಅದು ಎದ್ದು ಓಡಿ ಬಂತು. ನಡುಮನೆಯ ಒರೆಸಿದ ಟೈಲ್ಸ್ ಮೇಲೆ ಹಿಂಗಾಲೆರಡೂ ಎರಡು ದಿಕ್ಕಿಗೆ ಜಾರಿ ಹರಡಿಕೊಂಡವು. ಕೂಗಲಿಲ್ಲ. ಮುಂಗಾಲಿನಿಂದ ಮೈಯನ್ನು ಎಳೆದುಕೊಂಡು, ಆಗ ತಾನೇ ಬಾಗಿಲು ದಾಟಿದ ಡಾಕ್ಟರ ಕಡೆಗೆ ಹೋಗುತ್ತಲೇ ಇತ್ತು. ಅವರು ಉಟ್ಟಿದ್ದ ಬಿಳಿ ಪಂಚೆಯಲ್ಲೇ ಒದ್ದೆ ನೆಲದಲ್ಲಿ ಕೂತುಬಿಟ್ಟರು.

ಸೊಂಟ, ತೊಡೆ ಎಲ್ಲ ಮುಟ್ಟಿ ನೋಡಿದರು. ನಾನು, "ಚೀಲ ತೆಗೆದದ್ದು..." ಎಂದು ಬಾಯಿ ತೆರೆದೆ.

"ಬ್ಯಾಡ," ಎಂದರು. "ಇದು ಬಿದ್ದಿದ್ಕಲ್ಲ. ಬೀಳ್ದೇ ಇದ್ರೂ ದೀಪಾವಳಿ ಒತ್ಗೆ ಇಷ್ಟೇ ಆಗೋದು. ಚೀಲದ್ ಮಾತು ಎತ್ಬ್ಯಾಡ."

ಅದಕ್ಕೆ ಒಂದು ವಾರ ಮುಂಚೆ ಹೊಳೆದಂಡೆಯಲ್ಲಿ ಅವರೇ, "ತೊಡೆ ತುಂಬ್ಕಂಡದೆ, ಇನ್ನೆರಡು ವರ್ಸ ಓಡಾಡ್ಕಂಡಿರ್ತದೆ," ಎಂದಿದ್ದರು. ಅದು ಡೈರಿಯಲ್ಲಿದೆ. 'ವಾಸಿಯಾಗಲ್ಲ' ಎಂದು ಮುಖಕ್ಕೇ ಹೇಳಿದ್ದವರು ನಮಗೆ ಹೇಳಿದ ಮೊದಲ ಸುಳ್ಳು ಈ 'ಬಿದ್ದಿದ್ಕಲ್ಲ' ಎಂದು ನನ್ನ ಲೆಕ್ಕ. ತಪ್ಪಿರಬಹುದು.

ಬೋಂಡ ಮತ್ತೆ ತಾನಾಗಿ ನಿಲ್ಲಲಿಲ್ಲ. ಟವೆಲಿನಲ್ಲಿ ಸೊಂಟ ಎತ್ತಿ ಹಿತ್ತಲಿಗೆ ಕರೆದೊಯ್ಯುತ್ತಿದ್ದೆವು. ಒಂದೇ ಮಗ್ಗುಲಲ್ಲಿ ಹುಣ್ಣಾಗದಂತೆ ಹೊರಳಿಸುತ್ತಿದ್ದೆವು. ಚೀಲಗಳನ್ನು ಮತ್ತೆ ಹಾಸಿದ್ದೆವು, ಅವುಗಳ ಮೇಲೆ ನಡೆಯುವವರು ನಾವಿಬ್ಬರೇ. ಡಾಕ್ಟರು ದಿನ ಬಿಟ್ಟು ದಿನ ಬರುತ್ತಿದ್ದರು. ಆದರೆ ಈಗ ಸದ್ದೇ ಇಲ್ಲದೆ ಬಂದು ಬಾಗಿಲಲ್ಲಿ ನಿಂತಿರುತ್ತಿದ್ದರು. ಮೊದಲು ಗಮನಿಸಿದ್ದು ಅಮ್ಮ. ತಿರುವಿನಿಂದ ನಮ್ಮ ಮನೆಗೆ ಏರು. ಎಪ್ಪತ್ತರ ಹತ್ತಿರದ ಮನುಷ್ಯ ಸ್ಕೂಟರು ಆಫ್ ಮಾಡಿ, ಏದುಸಿರು ಬಿಡುತ್ತ ತಳ್ಳಿಕೊಂಡು ಬರುತ್ತಿದ್ದರು.

"ಪೆಟ್ರೋಲ್ ಕಾಲಿ ಆಯ್ತಾ ಡಾಕ್ಟ್ರೇ?"

"ಊಂ ಅಕ್ಕ, ಕಾಲಿ."

ಎರಡನೆಯ ಸಲವೂ ಖಾಲಿ. ಮೂರನೆಯ ಸಲ ಅಮ್ಮ ಕೇಳಲಿಲ್ಲ. ಹೋಗುವಾಗಲೂ ತಿರುವಿನವರೆಗೆ ತಳ್ಳಿಕೊಂಡೇ ಹೋಗುತ್ತಿದ್ದರು. ಸದ್ದು ಕೇಳಿದರೆ ಬೋಂಡ ಏಳಲು ನೋಡುತ್ತದೆ. ಯಾರು ಹಗ್ಗ ಕಟ್ಟಿದರೆಂದು ಕೇಳಬಾರದು ಎಂದಿದ್ದವರು ಆ ಪ್ರಶ್ನೆಯನ್ನು ತಮ್ಮನ್ನೇ ಕೇಳಿಕೊಂಡಿದ್ದರು. ಸುಮಾರು ಮೂರು ತಿಂಗಳು ಆ ಏರನ್ನು ಹಾಗೆಯೇ ಹತ್ತಿದರು.

ಹುಣ್ಣುಗಳು ಆಗಿಯೇ ಆದವು. ನೋವಿನ ಮಾತ್ರೆಯೂ ನಾಟದಾಯಿತು. ನಾನೇ ಅವರ ಮನೆಗೆ ಹೋಗಿ, "ಸಾಕು ಡಾಕ್ಟ್ರೇ," ಎಂದು ಹೇಳಿ ಬಂದೆ. ಮರುದಿನ ಬೆಳಿಗ್ಗೆ ಸ್ಕೂಟರು ಸದ್ದು ಮಾಡಿಕೊಂಡೇ ನಮ್ಮ ಬಾಗಿಲಿನವರೆಗೆ ಬಂತು. ಬೋಂಡ ತಲೆ ಎತ್ತಿತು. ಬಾಲ ಚೀಲದ ಮೇಲೆ ಎರಡು ಸಲ ಬಡಿಯಿತು.

"ಇವತ್ತು ಕೇಳುಸ್ಕಳ್ಳಿ ಬುಡು," ಎಂದರು ಡಾಕ್ಟರು. ಆಮೇಲೆ ಅಮ್ಮನಿಗೆ, "ಅಕ್ಕಾ, ಒಂದ್ ದೋಸೆ ಉಯ್ದು ತನ್ನಿ. ತುಪ್ಪ ಆಕಿ."

ಬೋಂಡ ದೋಸೆ ತಿನ್ನಲಿಲ್ಲ. ತುಪ್ಪವನ್ನಷ್ಟೇ ನೆಕ್ಕಿತು. ಡಾಕ್ಟರು ಒಂದು ಕೈಯಲ್ಲಿ ಅದರ ತಲೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಇಂಜೆಕ್ಷನ್ ಕೊಟ್ಟರು. ತಲೆ ಹಿಡಿದದ್ದು ಉಗುರಿಲ್ಲದ ಕೈ ಇರಬೇಕು. ಹಿತ್ತಲಲ್ಲಿ, ಅವರು ಮೊದಲ ದಿನ ನೀರು ಚೆಲ್ಲಿದ ಜಾಗದ ಪಕ್ಕದಲ್ಲೇ ಮಣ್ಣು ಮಾಡಿದೆವು.

ಅದಾದ ಮೇಲೆ ಅವರು ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಮರುವರ್ಷ ಹೃದಯಾಘಾತದಿಂದ ಹೋಗಿಬಿಟ್ಟರು. ಅವರ ಹುಟ್ಟೂರು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ಅಲ್ಲಿಗೆ ನಾನೂ ಅಮ್ಮನೂ ಮಣ್ಣಿಗೆ ಹೋಗಿದ್ದೆವು. ಆ ಏರು ಹತ್ತಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರೇ ಇದ್ದಿದ್ದರೆ, "ಇದು ತಳ್ಳಿದ್ಕಲ್ಲ," ಎನ್ನುತ್ತಿದ್ದರು. ಉಗುರು ಕತ್ತರಿಸಿದ ಕೈ ಯಾವುದೆಂದು ಕೊನೆಗೊಮ್ಮೆ ನೋಡಿಬಿಡಬೇಕೆಂದು ಹತ್ತಿರ ಹೋದೆ. ಎರಡೂ ಕೈ ಹಾರಗಳ ಕೆಳಗಿದ್ದವು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಿದ್ದರು. ಕೇಳಬಾರದೆಂದು ಹೇಳಿದ್ದವರನ್ನು ಮಣ್ಣು ಮಾಡಿ ಎರಡು ಗಂಟೆಯೂ ಆಗಿರಲಿಲ್ಲ. ಆದರೂ ಕೇಳಿದೆ. ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಗೆ ನೋಡಿದರು. ಹೊಳೆನರಸೀಪುರ ಬಂತು, ಇಳಿದೆವು, ಮನೆಗೆ ನಡೆದೆವು.

ಆರು ತಿಂಗಳಾಯಿತು. ಅಮ್ಮ ಬೇರೆಲ್ಲ ಮಾತಾಡುತ್ತಾರೆ. ಚೀಲಗಳು ಇನ್ನೂ ನಡುಮನೆಯಲ್ಲೇ ಇವೆ. ವಾರಕ್ಕೊಮ್ಮೆ ಕೊಡವಿ ಅದೇ ಜಾಗಕ್ಕೆ ಹಾಸುತ್ತಾರೆ. ಅವನ್ನು ಎತ್ತಿಡೋಣ ಎಂದು ಅವರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಅಂದು ಬಸ್ಸಿನಲ್ಲಿ ನಾನು ಕೇಳಿದ್ದು ಇಷ್ಟೇ:

"ಅಮ್ಮಾ, ಅವತ್ತು ಚೀಲ ಎತ್ತಿದ್ದು ನೀನಾ, ನಾನಾ?"